ಗೆದ್ದವನ ಮಣೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಜೊತೆಯವನ ತಪ್ಪು ನನ್ನ ಕಣ್ಣಿಗೆ ಬಿತ್ತು. ಹೇಳಿದರೆ ನೊಂದಾನು ಎಂದು ಮುಚ್ಚಿಟ್ಟೆ, ಹೊಗಳಿಯೂ ಕಳಿಸಿದೆ. ಇದು ದಯೆಯಲ್ಲವೇ?"

ಗುರು ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಚದುರಂಗದಲ್ಲಿ ಈಗ ಅವನನ್ನು ಸೋಲಿಸುವವರಿರಲಿಲ್ಲ. ಅವನ ಅಂಗಡಿಯ ಜಗಲಿಯಲ್ಲೇ ಸಂಜೆಯ ಆಟ. ಅಲ್ಲೊಂದು ಪದ್ಧತಿ. ಆಟ ಮುಗಿದ ಮೇಲೆ ಗೆದ್ದವನು ತನ್ನ ಮಣೆಯಿಂದೆದ್ದು ಸೋತವನನ್ನು ಅದರ ಮೇಲೆ ಕೂರಿಸಬೇಕು. ಕಾಯಿಗಳನ್ನು ಮತ್ತೆ ಹೂಡಿ, ಎಡವಿದ ನಡೆಯನ್ನು ಅಲ್ಲಿಂದ ತೋರಿಸಬೇಕು. ತನ್ನ ಕಡೆಯಿಂದ ಕಾಣದ್ದು ಎದುರಿನ ಕಡೆಯಿಂದ ಕಾಣುತ್ತದೆ. ವರ್ತಕನೂ ಹಾಗೆ ಕೂತು ಕೂತೇ ಕಲಿತವನು. ಅದನ್ನು ಮರೆಯಲು ಅವನಿಗೆ ಬಹಳ ದಿನ ಹಿಡಿಯಲಿಲ್ಲ.

ಒಬ್ಬ ಕುಂಬಾರ ಆಟಕ್ಕೆ ಬರತೊಡಗಿದ. ಮೊದಮೊದಲು ವರ್ತಕ ಅವನನ್ನು ಮಣೆಗೆ ಕರೆದ, ತೋರಿಸಿದ. ಕುಂಬಾರ ಒಮ್ಮೆ ಕಂಡ ತಪ್ಪನ್ನು ಮತ್ತೆ ಮಾಡುತ್ತಿರಲಿಲ್ಲ. ನೋಡುವವರು, "ಮಣ್ಣು ತುಳಿಯುವವನ ತಲೆ ನೋಡ್ರೋ! ಇನ್ನೆರಡು ತಿಂಗಳು, ಯಜಮಾನರ ಕತೆ ಮುಗೀತು" ಎಂದರು. ಅಂದಿನಿಂದ ವರ್ತಕನಿಗೆ ಉಂಡ ಅನ್ನ ಇಳಿಯಲಿಲ್ಲ.

ಕುಂಬಾರನಲ್ಲಿ ಒಂದು ತಪ್ಪು ಉಳಿದಿತ್ತು. ಕುದುರೆ, ಒಂಟೆ ಇನ್ನೂ ಮನೆಯಲ್ಲಿರುವಾಗಲೇ ಮಂತ್ರಿಯನ್ನು ಬೀದಿಗೆ ಬಿಡುತ್ತಿದ್ದ. ವರ್ತಕ ಅದನ್ನು ಸುತ್ತುಗಟ್ಟಿ ಹಿಡಿಯುತ್ತಿದ್ದ. ಈಗ ಗೆದ್ದರೂ ಮಣೆ ಬಿಟ್ಟು ಏಳುತ್ತಿರಲಿಲ್ಲ. "ನಿನ್ನದೇನೂ ತಪ್ಪಿಲ್ಲ ಮಾರಾಯ. ಏನೋ ನನ್ನ ಗ್ರಹಗತಿ ಚೆನ್ನಾಗಿತ್ತು. ಹೀಗೇ ಆಡು" ಎನ್ನುತ್ತಿದ್ದ. ಹೊಟ್ಟೆಯಲ್ಲಿ ಕೆಂಡ, ಬಾಯಲ್ಲಿ ಬೆಲ್ಲ. ಕುಂಬಾರ ನಂಬಿದ, ಹಾಗೇ ಆಡಿದ, ವರ್ಷವಿಡೀ ಸೋತ. ಕೊನೆಗೊಂದು ದಿನ, "ಇದು ನನ್ನಂಥವನಿಗೆ ಹತ್ತುವ ವಿದ್ಯೆಯಲ್ಲ, ಇನ್ನು ಬರುವುದಿಲ್ಲ" ಎಂದು ಎದ್ದುಹೋದ.

ವರ್ತಕನ ಹೆಂಡತಿ ಬಾಗಿಲ ಹಿಂದೆ ಬೇಳೆ ಆರಿಸುತ್ತ ಎಲ್ಲ ನೋಡುತ್ತಿದ್ದವಳು.

"ಅವನ ಮಂತ್ರಿ ದಿನಾ ಅಲ್ಲೇ ಸಾಯುತ್ತಲ್ಲ, ಒಂದು ಮಾತು ಹೇಳಬಾರದೇನ್ರೀ?"

"ಪಾಪ, ನೊಂದುಕೊಳ್ಳುತ್ತಾನೆ ಕಣೇ."

"ಓಹೋ! ಮದುವೆಯಾಗಿ ಮೂವತ್ತು ವರ್ಷ. ನಿಮ್ಮ ಬಾಯಲ್ಲಿ 'ಪಾಪ' ಅನ್ನುವ ಮಾತು ಇವತ್ತೇ ಕೇಳಿದ್ದು."

ಇಂಥ ಮಾತು ಅವಳ ಹೊಟ್ಟೆಯಲ್ಲಿ ನಿಂತೀತೇ? ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕುಂಬಾರನ ಹೆಂಡತಿಯ ಕಿವಿ ಸೇರಿತು. "ಮಂತ್ರಿಯನ್ನು ಸ್ವಲ್ಪ ಮನೆಯಲ್ಲಿ ಕೂರಿಸಲು ಹೇಳೇ ನಿನ್ನ ಗಂಡನಿಗೆ."

ಆ ಸಂಜೆ ಕುಂಬಾರ ಮತ್ತೆ ಬಂದ. ಮೊದಲು ಕುದುರೆ ಹೊರಟಿತು, ಆಮೇಲೆ ಒಂಟೆ. ಮಂತ್ರಿ ಕದಲಲಿಲ್ಲ. ಅದು ಬಂದೇ ಬರುತ್ತದೆಂದು ಬಲೆ ಹಾಸಿ ಕಾದಿದ್ದ ವರ್ತಕನ ರಾಜನೇ ಸಿಕ್ಕಿಬಿದ್ದ.

ಕುಂಬಾರ ತಟ್ಟನೆ ಎದ್ದು, ಮಣೆಯನ್ನು ಹೆಗಲ ವಸ್ತ್ರದಿಂದ ಒರೆಸಿದ. ಬೇರೆ ಯಾರಿಗೂ ಕೇಳದಂತೆ, "ಬನ್ನಿ ಯಜಮಾನ್ರೇ. ಆಟವೆಲ್ಲ ನಿಮ್ಮ ಕೈಲೇ ಇತ್ತು. ಈ ಆನೆ ಒಂದು ಮನೆ ಅವಸರಪಟ್ಟಿತು, ಅಷ್ಟೇ. ಇಲ್ಲಿಂದ ನೋಡಿ" ಎಂದ.

ಬೈದಿದ್ದರೆ ವರ್ತಕ ತಡೆದುಕೊಳ್ಳುತ್ತಿದ್ದ. ಆ ಮೆಲುದನಿಯನ್ನು ತಡೆಯಲಾಗಲಿಲ್ಲ. ಕಾಯಿಗಳನ್ನು ಚೀಲಕ್ಕೆ ತುಂಬಿಕೊಂಡು ಒಳಗೆ ನಡೆದ. ಕೇಳಿದವರಿಗೆಲ್ಲ ಸೊಂಟನೋವು ಎಂದ. ಮತ್ತೆ ಆಡಲಿಲ್ಲ.

ಗುರು ಕತೆ ಮುಗಿಸಿದರು. ಶಿಷ್ಯ, "ಎಂಥ ನೀಚ ಅವನು! ನಾನು ಮುಚ್ಚಿಟ್ಟದ್ದು ಜೊತೆಯವನು ನೋಯಬಾರದೆಂದು ಮಾತ್ರ" ಎಂದ.

ಗುರು ಕೇಳಿದರು: "ನೋಯಬಾರದೆಂದೋ, ಗೆಲ್ಲಬಾರದೆಂದೋ?"