ಸೋರುವ ಕೊಡ, ತುಂಬಿದ ಹಂಡೆ

“ಬುದ್ಧೀ, ನಾನು ಹೊಸ ಮೊಬೈಲ್ ತಗೊಳ್ಳಲೋ, ಬೇಡವೋ?”

ಭರಮೇಶ ಕೇಳಿದ್ದು ಗುರುಗಳನ್ನೇ. ಆದರೆ ಗುಡ್ಡದ ಮೇಲಿನ ಮಠದ ಜಗಲಿಯಲ್ಲಿ ಕೂತ ಅಷ್ಟೂ ಮಂದಿಯ ಕಿವಿಗೆ ಬೀಳಲಿ ಎಂಬಂತೆ ಕೇಳಿದ. ಅವನಿಗೆ ಗುಡ್ಡದ ಕೆಳಗೆ ಒಂದು ಹಿಟ್ಟಿನ ಗಿರಣಿಯಿತ್ತು. ಗಿರಣಿಯ ಸದ್ದು ಪಕ್ಕದ ಊರಿಗೆ ಕೇಳಿಸುತ್ತದೆ ಎಂದು ಜನ ಹೇಳುತ್ತಿದ್ದರು. ಗಿರಣಿಯವನ ಸದ್ದು ಅದರಾಚೆಯ ಊರಿಗೂ.

ಅವನು ಅಂಗಿಯ ಜೇಬಿನಿಂದ ಫೋನು ತೆಗೆದು ಎತ್ತಿ ಹಿಡಿದ. ಗಾಜು ಜೇಡನ ಬಲೆಯಾಗಿತ್ತು. ಹಿಂದಿನ ಮುಚ್ಚಳ ಕಳಚಿ ಬೀಳದಂತೆ ಸುತ್ತಲೂ ರಬ್ಬರ್ ಬ್ಯಾಂಡ್ ಬಿಗಿದಿದ್ದ.

“ಇದೇನೋ, ಫೋನಿಗೆ ತಾಯಿತ ಕಟ್ಟಿಸಿದೀಯ?” ಎಂದು ಒಬ್ಬ ಮುದುಕ ನಕ್ಕ.

“ನಗು ತಾತ, ನಗು. ನಿನ್ನ ಮೊಮ್ಮಗ ವರ್ಷಕ್ಕೊಂದು ಬದಲಾಯಿಸ್ತಾನೆ. ಇದು ನೀರಿನ ತೊಟ್ಟಿಗೆ ಬಿದ್ದಿದೆ, ಟ್ರ್ಯಾಕ್ಟರ್ ಮೇಲಿಂದ ಉರುಳಿದೆ, ರಾಗಿ ಹಿಟ್ಟು ಕುಡಿದಿದೆ. ಇನ್ನೂ ಉಸಿರಾಡ್ತಿದೆ. ಗಂಡುಗಲಿ!” ಎಂದು ಭರಮೇಶ ಗುರುಗಳ ಕಡೆ ತಿರುಗಿದ. “ದುಡ್ಡಿಲ್ಲ ಅಂತಲ್ಲ ಬುದ್ಧಿ. ಮನಸ್ಸು ಮಾಡಿದರೆ ಇವತ್ತೇ ತರ್ತೀನಿ. ಇದ್ದುದರಲ್ಲಿ ತೃಪ್ತಿ ಇರಲಿ ಅಂತ ನೀವು ಒಂದು ಸಲ ಹೇಳಿದ್ದಿರಿ. ಕೇಳಿಸಿಕೊಂಡವರು ನೂರು ಜನ, ಹಿಡಿದುಕೊಂಡವನು ನಾನೊಬ್ಬ. ಗಿರಣಿಗೆ ಬರುವವರೆಲ್ಲ ಬಿಸಾಕು ಅದನ್ನ ಅಂತಾರೆ. ಮನೆಯವಳು ಮಾತ್ರ ಒಂದು ದಿನಾನೂ ತುಟಿ ಬಿಚ್ಚಿಲ್ಲ. ಈಗ ನೀವೇ ಹೇಳಿಬಿಡಿ.”

ಹೇಳಿಬಿಡಿ ಎಂದನಾದರೂ ಉತ್ತರ ಅವನಿಗೆ ಗೊತ್ತಿತ್ತು. ಗುರುಗಳ ಬಾಯಿಂದ ಬೇಡ ಎಂಬ ಮಾತೊಂದು ಬಂದರೆ ಸಾಕು, ಅದನ್ನು ಗಿರಣಿಯ ಬಾಗಿಲಿಗೆ ತೋರಣದಂತೆ ಕಟ್ಟುವವನಿದ್ದ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನೇ ಕೂಗಿತು. ಹೆಂಡತಿ ನಾಗವೇಣಿ. ಭರಮೇಶ “ಹಲೋ, ಹಲೋ” ಎಂದ. ಆ ಕಡೆಯಿಂದ ಜರಡಿಯಲ್ಲಿ ಮರಳು ಆಡಿಸಿದಂಥ ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಗೋಪುರದ ಪಾರಿವಾಳಗಳು ಹಾರುವಂತೆ ಇನ್ನೊಮ್ಮೆ ಹಲೋ ಎಂದು ಕೂಗಿ, ಫೋನನ್ನು ಜೇಬಿಗೆ ಹಾಕಿಕೊಂಡ.

“ಏನಂತೆ?” ಎಂದರು ಗುರುಗಳು.

“ಯಾರಿಗೆ ಗೊತ್ತು ಬುದ್ಧಿ! ಯುಗಾದಿಯಿಂದ ಇದು ಹೀಗೇ. ಬೇಕಾದ ಮಾತಾದರೆ ತಾನೇ ಹುಡುಕಿಕೊಂಡು ಬರ್ತಾಳೆ. ಮೊದಲು ಗಿರಣಿಗೆ ಹೋಗ್ತಾಳೆ. ಅಲ್ಲಿಲ್ಲ ಅಂದರೆ ಗುಡ್ಡ ಹತ್ತಿ ಇಲ್ಲಿಗೇ.”

“ಈ ಬಿಸಿಲಲ್ಲಿ?”

“ಅವಳಿಗೆ ಅಭ್ಯಾಸ ಆಗಿದೆ.”

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಬಾವಿಯಿಂದ ನೀರು ಸೇದುವ ಒಂದು ತಾಮ್ರದ ಕೊಡವಿತ್ತು. ಅದು ಅವನ ತಾತನ ಕಾಲದ್ದು. ತಳ ಸವೆದು ತೂತಾಗಿತ್ತು. ತೂತಿಗೆ ಅರಗು ಮೆತ್ತಿದ್ದರು. ಅರಗು ಬಿಟ್ಟಾಗ ಅದರ ಮೇಲೆ ಮತ್ತೆ ಅರಗು ಮೆತ್ತಿದ್ದರು.

ರೈತನಿಗೆ ಆ ಕೊಡವೆಂದರೆ ಹೆಮ್ಮೆ. ಮೂರು ತಲೆಮಾರು ಕಂಡ ಕೊಡ ಎಂದು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ. ಊರವರೂ ಹೊಗಳುತ್ತಿದ್ದರು. ಆಸೆಯಿಲ್ಲದ ಮನುಷ್ಯ, ಇದ್ದರೆ ಹೀಗಿರಬೇಕು ಎನ್ನುತ್ತಿದ್ದರು. ಅವನು ಕೆಟ್ಟವನಲ್ಲ. ಹೊಗಳಿಕೆಗೆ ಸೋಲದವರು ಯಾರಿದ್ದಾರೆ? ಬೆಳಗ್ಗೆ ಅವನು ಏಳುವ ಹೊತ್ತಿಗೆ ಬಚ್ಚಲಿನ ಹಂಡೆ ತುಂಬಿರುತ್ತಿತ್ತು. ದನಗಳ ಬಾನಿ ತುಂಬಿರುತ್ತಿತ್ತು. ಕೊಡ ಹಳೆಯದಾದರೇನು, ಹಂಡೆ ತುಂಬಿದೆಯಲ್ಲ! ಹೊಸದರ ಮಾತೇಕೆ?

ಒಂದು ದಿನ ಒಬ್ಬ ಪಾತ್ರೆ ವ್ಯಾಪಾರಿ ಕತ್ತೆಯ ಮೇಲೆ ಕೊಡ ಹೇರಿಕೊಂಡು ಆ ಬೀದಿಗೆ ಬಂದ. ಬರುವಾಗ ರೈತನ ಹಿತ್ತಲ ಬೇಲಿಯ ಪಕ್ಕದಲ್ಲೇ ಬಂದಿದ್ದ. ಬಾವಿಯ ಬಳಿ ಒಬ್ಬ ಹೆಂಗಸು ಹಗ್ಗ ಎಳೆಯುತ್ತಿದ್ದುದನ್ನೂ, ನಡುನಡುವೆ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದುದನ್ನೂ ಕಂಡಿದ್ದ. ಕೊಡ ಮೇಲೇರುತ್ತಿರುವಾಗಲೇ ನೀರು ಧಾರೆಯಾಗಿ ಬಾವಿಗೆ ಬೀಳುವ ಸದ್ದು ಅವನಿಗೆ ಕೇಳಿಸಿತ್ತು. ಅವನು ಅದನ್ನು ಯಾರಿಗೂ ಹೇಳಲಿಲ್ಲ.

ರೈತ ಅವನನ್ನು ಬಾಗಿಲಲ್ಲೇ ತಡೆದ. ನಾಲ್ಕು ಜನ ಸೇರಿದರು. ಜನ ಸೇರಿದ ಮೇಲೆ ರೈತನ ಮಾತು ಕೇಳಬೇಕೇ? ತಾತನಿಂದ ಹೊರಟು ತಾತನ ತಾತನವರೆಗೂ ಹೋಗಿ, ನಿನ್ನ ಹೊಳಪು ನನ್ನ ಮನೆಗೆ ಬೇಡಪ್ಪ ಎಂದು ಮುಗಿಸಿದ. ಜನ ಭೇಷ್ ಎಂದರು.

“ಭಲೇ ರೈತ! ಇವನು ನಮ್ಮವನು ಕಣ್ರೀ!” ಎಂದು ಭರಮೇಶ ತೊಡೆ ತಟ್ಟಿದ. ಗುರುಗಳು ಅವನನ್ನು ನೋಡಿ ನಕ್ಕು ಮುಂದುವರಿಸಿದರು.

ವ್ಯಾಪಾರಿ ಕೈಮುಗಿದ. “ಬೇಡವಾದರೆ ಬೇಡ ಯಜಮಾನ. ಇಂಥ ಹೆಸರುವಾಸಿ ಕೊಡದ ನೀರನ್ನಾದರೂ ಕುಡಿದು ಹೋಗುತ್ತೇನೆ. ನಿನ್ನ ಕೈಯಿಂದಲೇ ಸೇದಿ ಕೊಡು” ಎಂದ.

ಹಿತ್ತಲಿನಿಂದ ಹೆಂಡತಿ ಓಡಿ ಬಂದಳು. ನಾನು ಸೇದುತ್ತೇನೆ, ನೀವು ಇರಿ ಎಂದಳು. ರೈತ ಕೇಳಲಿಲ್ಲ. ಎಲ್ಲರನ್ನೂ ಹಿತ್ತಲ ಬಾವಿಗೆ ಕರೆದೊಯ್ದು, ಪಂಚೆ ಎತ್ತಿ ಕಟ್ಟಿ ಹಗ್ಗ ಹಿಡಿದ.

ಬಾವಿಯ ತಳದಲ್ಲಿ ಕೊಡ ತುಂಬಿತು. ಎಳೆಯುತ್ತ ಎಳೆಯುತ್ತ ಹಗುರಾಯಿತು. ಎಲ್ಲ ತನ್ನ ತೋಳಿನ ಬಲ ಎಂದುಕೊಂಡ ರೈತ. ಕೊಡ ಮೇಲೆ ಬಂದಾಗ ಅರ್ಧವೂ ಇರಲಿಲ್ಲ. ವ್ಯಾಪಾರಿ ಬೊಗಸೆಯೊಡ್ಡಿ ಕುಡಿದು, ನನ್ನ ಕತ್ತೆಗೂ ಬಾಯಾರಿದೆ ಎಂದ.

ಕತ್ತೆಗೆ ದಾಕ್ಷಿಣ್ಯವೆಲ್ಲಿಯದು? ಬೋಗುಣಿಗೆ ಸುರಿದದ್ದನ್ನು ಸುರಿದಂತೆಯೇ ಹೀರಿ ರೈತನ ಮುಖ ನೋಡುತ್ತಿತ್ತು. ರೈತ ಸೇದಿದ. ಮತ್ತೆ ಸೇದಿದ. ಭೇಷ್ ಎಂದವರು ಈಗ ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದರು. ಕತ್ತೆಗೆ ಸಾಕೆನಿಸುವ ಹೊತ್ತಿಗೆ ರೈತನ ಅಂಗೈ ಸುಲಿದು ಕೆಂಪಾಗಿತ್ತು.

ವ್ಯಾಪಾರಿ ತನ್ನ ಕತ್ತೆಯನ್ನು ಹೊಡೆದುಕೊಂಡು ಹೋದ. ಜನವೂ ಚದುರಿತು.

ಹೆಂಡತಿ ಹರಳೆಣ್ಣೆ ತಂದಳು. ಎಲ್ಲಿ ಉರಿಯುತ್ತದೆ ಎಂದು ಅವಳು ಕೇಳಲಿಲ್ಲ. ಹೆಬ್ಬೆರಳಿನ ಸಂದಿಗೆ, ಅಲ್ಲಿಂದ ಕಿರುಬೆರಳಿನ ಬುಡಕ್ಕೆ, ಸರಿಯಾಗಿ ಉರಿಯುವ ಕಡೆಗೇ ಎಣ್ಣೆ ಸವರಿದಳು. ರೈತ ಅವಳ ಕೈಯನ್ನು ಹಿಡಿದು ತಿರುಗಿಸಿ ನೋಡಿದ. ಅಷ್ಟು ವರ್ಷ ಆ ಕೈ ಬಡಿಸಿದ್ದನ್ನು ಉಂಡಿದ್ದ. ಅಂಗೈ ನೋಡಿರಲಿಲ್ಲ.

“ಕೊಡ ಯಾವಾಗಿನಿಂದ ಸೋರುತ್ತಿದೆ?” ಎಂದ.

“ನಾನು ಈ ಮನೆಗೆ ಬಂದಾಗಿನಿಂದ.”

“ಒಂದು ಮಾತು ಹೇಳಬಾರದಿತ್ತೇ?”

“ಊರೆಲ್ಲ ನಿಮ್ಮನ್ನು ಹೊಗಳುತ್ತಿತ್ತಲ್ಲ. ನಾನು ಹೇಗೆ ಹೇಳಲಿ?”

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕತ್ತೆ ನೀರು ಕುಡಿಯುವಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಭರಮೇಶನೇ. ಹರಳೆಣ್ಣೆ ಬಂದಲ್ಲಿ ಅವನ ನಗು ನಿಂತಿತ್ತು. ಅವನ ಕೈ ತಾನಾಗಿಯೇ ಜೇಬಿನ ಮೇಲೆ ಹೋಗಿ ಕೂತಿತ್ತು. ಅವನಿಗೆ ಏನೋ ಹೇಳಬೇಕಿತ್ತು. ಹೊಳೆದದ್ದು ಇಷ್ಟೇ.

“ಆಮೇಲೆ ರೈತ ಹೊಸ ಕೊಡ ತಗೊಂಡನೇ ಬುದ್ಧಿ?”

ಅವನ ದನಿ ಎಷ್ಟು ಇಳಿದಿತ್ತೆಂದರೆ, ಪಕ್ಕದಲ್ಲೇ ಇದ್ದ ಮುದುಕ ಕಿವಿಗೆ ಕೈಯಿಟ್ಟು ಬಾಗಬೇಕಾಯಿತು.

ಗುರುಗಳು ಗುಡ್ಡದ ಕೆಳಗಿನ ದಾರಿಯತ್ತ ನೋಡುತ್ತ ಹೇಳಿದರು:

“ಅದಿರಲಿ ಮಗಾ, ನಿನ್ನ ನಾಗವೇಣಿ ಈಗ ಎಲ್ಲಿಯವರೆಗೆ ಹತ್ತಿ ಬಂದಿರಬಹುದು?”