ಕೊಳದ ತಳದ ಕೆಸರು ಕಪ್ಪಾದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ದಡದ ಹಾಗೆಯೇ ಕೊಳದ ತಳದಲ್ಲೂ ಆಗ ಕೆಂಪು ಮಣ್ಣು.

ಆ ಮಣ್ಣಿನಲ್ಲಿ ಚಿಟುಕಿ ಎಂಬ ಜೀವಿ ಇದ್ದಳು. ಕಣ್ಣಿಗೆ ಕಾಣದಷ್ಟು ಚಿಕ್ಕವಳು. ಅವಳ ಜೊತೆ ಅವಳ ತಂಗಿಯರು.

ಆಗ ಯಾರೇ ಉಂಡರೂ ಹೊಟ್ಟೆಯಲ್ಲಿ ಒಂದು ಕಿಡಿ ಹುಟ್ಟುತ್ತಿತ್ತು. ಅದನ್ನು ಯಾರಿಗಾದರೂ ಕೊಟ್ಟರೆ ಮಾತ್ರ ಮುಂದಿನ ತುತ್ತು ಇಳಿಯುತ್ತಿತ್ತು. ಮೇಲಿನವರ ಕಿಡಿಗಳನ್ನೆಲ್ಲ ಗಾಳಿಯಣ್ಣ ತೆಗೆದುಕೊಳ್ಳುತ್ತಿದ್ದ. ಕೊಳದ ತಳಕ್ಕೆ ಮಾತ್ರ ಅವನು ಇಳಿಯುತ್ತಿರಲಿಲ್ಲ.

"ನೀರಕ್ಕಾ, ಗಾಳಿಯಣ್ಣನನ್ನು ಸ್ವಲ್ಪ ಕರೆದುಕೊಂಡು ಬಾ," ಎಂದಳು ಚಿಟುಕಿ.

"ಕರೆಯುತ್ತೇನೆ ಕಣೇ. ದಾರಿಯಲ್ಲೇ ಮೀನುಗಳು ಅವನನ್ನು ಉಸಿರಾಡಿ ಮುಗಿಸಿಬಿಡುತ್ತವೆ. ಏನು ಮಾಡಲಿ?"

ತಂಗಿಯರ ಹೊಟ್ಟೆ ಕಿಡಿಗಳಿಂದ ಉಬ್ಬಿತು. ಕೊನೆಯ ತಂಗಿ ಅಲುಗುವುದನ್ನೇ ನಿಲ್ಲಿಸಿದಳು.

ಆಗ ಪಕ್ಕದಲ್ಲಿ ಮಲಗಿದ್ದ ಕೆಮ್ಮಣ್ಣಜ್ಜಿ ಹೇಳಿದಳು: "ನನಗೆ ಕೊಡೇ ಮಗಾ. ನನ್ನೊಳಗೆ ತುಕ್ಕು ಹಿಡಿದ ಕಬ್ಬಿಣ ಇದೆ. ಅದಕ್ಕೆ ಕಿಡಿ ಅಂದರೆ ಆಸೆ. ಆದರೆ ನಿನ್ನ ಮೈಗೋಡೆ ದಾಟಿ ಒಳಗೆ ಬರುವಷ್ಟು ಸಣ್ಣವಳಲ್ಲ ನಾನು."

"ನೀನು ಬರಬೇಡ ಅಜ್ಜಿ. ಒಂದಷ್ಟು ಕಬ್ಬಿಣದ ಕಣ ಕೊಡು, ಸಾಕು. ಕಿಡಿಯನ್ನೇ ನಿನ್ನ ಹತ್ತಿರ ಕಳಿಸುತ್ತೇನೆ."

ಅಜ್ಜಿ ಕೊಟ್ಟ ಒಂದು ಕಣವನ್ನು ಚಿಟುಕಿ ತನ್ನ ಮೈಗೋಡೆಯಲ್ಲಿ ಇಟ್ಟಳು. ಅದು ತೇಲಿ ಹೋಯಿತು. ಇನ್ನೊಂದು ಇಟ್ಟಳು. ಅದೂ ಹೋಯಿತು. ಆಮೇಲೆ ಒಂದು ಚಪ್ಪಟೆ ಉಂಗುರ ಮಾಡಿ, ನಡುವೆ ಕಣವನ್ನು ಕೂರಿಸಿ, ನಾಲ್ಕು ಕಡೆಯಿಂದ ಬಿಗಿದಳು. ಸುತ್ತಲೂ ತನ್ನ ಮೈಯ ನೂಲನ್ನೇ ಸುತ್ತಿ ಮುಚ್ಚಿದಳು. ಕಣ ಅಲುಗದೆ ಕೂತಿತು!

ಕಿಡಿ ಅದಕ್ಕೆ ಹಾರಿತು. ಹಾರಿ, ಅಲ್ಲೇ ನಿಂತಿತು. ಅಜ್ಜಿ ಇನ್ನೂ ದೂರ.

ಚಿಟುಕಿ ಪಕ್ಕದಲ್ಲೇ ಇನ್ನೊಂದು ಉಂಗುರ ಇಟ್ಟಳು. ಅದರ ಪಕ್ಕ ಮತ್ತೊಂದು. ಅದರ ಪಕ್ಕ ಮಗದೊಂದು. ಗೋಡೆಯ ಒಳಗಿನಿಂದ ಹೊರಗಿನವರೆಗೂ ಸಾಲು.

"ಯಾರೂ ಕಿಡಿಯನ್ನು ಇಟ್ಟುಕೊಳ್ಳಬೇಡಿ. ಈ ಕೈಯಲ್ಲಿ ತಗೊಳ್ಳಿ, ಆ ಕೈಯಲ್ಲಿ ಕೊಡಿ!" ಎಂದು ಸಾಲಿನ ಕಣಗಳಿಗೆಲ್ಲ ಕೂಗಿ ಹೇಳಿದಳು.

ಟಣ್! ಕಿಡಿ ಹಾರಿತು. ಟಣ್, ಟಣ್, ಟಣ್! ನೇರ ಅಜ್ಜಿಯ ಮಡಿಲಿಗೇ ಬಿತ್ತು.

ಚಿಟುಕಿಗೆ ತುತ್ತು ಇಳಿಯಿತು. ತಂಗಿಯರಿಗೂ ಸಾಲು ಕಟ್ಟುವುದನ್ನು ತೋರಿಸಿದಳು. ಕೊನೆಯವಳಿಗೆ ತಾನೇ ಕೂತು ಕಟ್ಟಿದಳು. ಅವಳ ಕಿಡಿಗಳು ಒಂದೊಂದಾಗಿ ಹೊರಗೆ ಹಾರಿದವು. ಅವಳು ಮೆಲ್ಲಗೆ ಅಲುಗಿದಳು.

"ಅಕ್ಕಾ, ಹಸಿವು!"

ಕೊಳದ ತಳವೆಲ್ಲ ಕೇಕೆ ಹಾಕಿತು.

ಅಷ್ಟರಲ್ಲಿ ಚಿಟುಕಿಗೆ ಗಾಬರಿ. "ಅಜ್ಜೀ, ಕಿಡಿ ಬಿದ್ದಲ್ಲೆಲ್ಲ ನಿನ್ನ ಕೆಂಪು ಹೋಗಿ ಕಪ್ಪಾಗುತ್ತಿದೆ!"

"ಹೋಗಲಿ ಬಿಡೇ. ಕಪ್ಪಾದರೆ ನಾನೇನು ಚೆಂದ ಇಲ್ಲವಾ? ನೀವು ಉಣ್ಣಿ," ಎಂದು ಅಜ್ಜಿ ನಕ್ಕಳು.

ಅದಕ್ಕೇ ಪುಟ್ಟಾ, ದಡದ ಮಣ್ಣು ಎಷ್ಟೇ ಕೆಂಪಾಗಿದ್ದರೂ, ಕೊಳದ ತಳಕ್ಕೆ ಕೈ ಹಾಕಿ ಕೆಸರು ಎತ್ತಿದರೆ ಇವತ್ತಿಗೂ ನಿನ್ನ ಅಂಗೈ ತುಂಬ ಕಪ್ಪೋ ಕಪ್ಪು.