ಹಿಟ್ಟಿನ ಡಬ್ಬದ ಕಕ್ಷಿದಾರರು

ತಿಪಟೂರು ಪೇಟೆಯಲ್ಲಿ ವಕೀಲ ಚನ್ನವೀರಯ್ಯನವರು ಕಚೇರಿ ಮುಂದೆ ಆಳೆತ್ತರದ ಬೋರ್ಡು ಹಾಕಿಸಿದರು. ‘ಕೊಲೆ, ದರೋಡೆ, ವಂಚನೆ, ಚೆಕ್ ಬೌನ್ಸ್, ದಿವಾಳಿ’ ಎಲ್ಲವೂ ಕೆಂಪಕ್ಷರದಲ್ಲಿ. ಅಂದಿನಿಂದ ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ.

“ಸೋಮವಾರ ಕಕ್ಷಿದಾರರು ಬರಬೇಕು. ಇಲ್ದಿದ್ರೆ ನೀನೂ ಬರಬೇಡ!” ಎಂದು ಗುಮಾಸ್ತನ ಮೇಲೆ ಹರಿಹಾಯ್ದರು.

ಗುಮಾಸ್ತನಿಗೆ ಕಾರಣ ಗೊತ್ತಿತ್ತು. ಆ ಬೋರ್ಡಿನ ಮುಂದೆ ಯಾರಾದರೂ ಒಂದು ಗಳಿಗೆ ನಿಂತರೆ ಸಾಕು, ‘ಇವನು ಇದರಲ್ಲಿ ಯಾವುದು ಮಾಡಿದನೋ!’ ಎಂದು ಎದುರಿನ ಅಂಗಡಿಯವರು ಇಣುಕುತ್ತಿದ್ದರು. ಮರ್ಯಾದಸ್ಥರು ಹೇಗೆ ಬಂದಾರು? ಬೋರ್ಡು ಇಳಿಸಿ ಎಂದು ಯಜಮಾನರಿಗೆ ಹೇಳುವ ಗಂಡೆದೆ ಯಾರಿಗಿದೆ?

ಕಚೇರಿಯ ಬೆನ್ನಿಗೇ ಹಿಟ್ಟಿನ ಗಿರಣಿಯಿತ್ತು. ಗುಮಾಸ್ತ ನಡುವಿನ ಬಾಗಿಲ ಚಿಲಕ ತೆಗೆದ. ಸಂತೆಗೆ ಹೋಗಿ ನಾಲ್ಕು ಜನರ ಕಿವಿಯಲ್ಲಿ ಏನೋ ಉಸುರಿ ಬಂದ.

ಸೋಮವಾರ ಕಚೇರಿ ಗಿಜಿಗುಟ್ಟಿತು. ವಕೀಲರು ಮೀಸೆ ತಿರುವಿದರು.

“ನೋಡಿದ್ಯಾ ನನ್ನ ಬೋರ್ಡಿನ ಮಹಿಮೆ! ಅದಿರಲಿ, ಎಲ್ಲರ ಕೈಯಲ್ಲೂ ಡಬ್ಬ ಯಾಕಯ್ಯಾ?”

“ರಾಗಿ ಬೀಸಿಸೋಕೆ ಹೋಗ್ತೀವಿ ಅಂತ ಹೇಳಿ ಹಿಂದಿನ ಬಾಗಿಲಿಂದ ಬಂದಿದಾರೆ ಸಾರ್. ಬೋರ್ಡಿನ ಕಡೆಯಿಂದ ಬರೋಕೆ ನಾಚಿಕೆಯಂತೆ.”

ವಕೀಲರ ಮುಖ ಹುಳ್ಳಗಾಯಿತು. ಅಷ್ಟರಲ್ಲಿ, ಮನೆಯಲ್ಲಿ ನೀರಿನ ಲೋಟವನ್ನೂ ಎತ್ತಿಡದ ಜವಳಿ ಸಾಹುಕಾರರು ರಾಗಿ ಡಬ್ಬ ಹೆಗಲ ಮೇಲಿಟ್ಟುಕೊಂಡು, ಏದುಸಿರು ಬಿಡುತ್ತಾ ಒಳಗೆ ಬಂದರು. ವಕೀಲರಿಗೆ ನಗು ತಡೆಯಲಾಗಲಿಲ್ಲ. ಗುಮಾಸ್ತನ ಹೆಗಲ ಮೇಲೆ ಕೈಹಾಕಿ ಪಿಸುಗುಟ್ಟಿದರು:

“ಬರಿಗೈಲಿ ಬಂದವರಿಗೆ ಅಂತ ಗಿರಣಿಯಲ್ಲಿ ನಾಲ್ಕು ಡಬ್ಬ ಇಟ್ಟಿರು. ಬೋರ್ಡು ಮಾತ್ರ ಮುಟ್ಟಬೇಡ!”